ಹೆರಿಗೆ ಆಸ್ಪತ್ರೆಯಲ್ಲೇ ಕಿವಿಯ ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಡೊಂಬಿವಲಿಯಲ್ಲಿರುವ ನನ್ನ ಮೊಮ್ಮಗನಿಗೆ ಎರಡೂವರೆ ವರ್ಷವಾದರೂ ಮಾತು ಬರಲಿಲ್ಲ. ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ; ಮೂರು ಭಾಷೆಗಳ ನಡುವೆ ಮಗು ಗೊಂದಲಗೊಂಡಿದೆ ಎಂದು ಬಂಧುಗಳು ಹೇಳಿದರು, ನಾವೂ ನಂಬಿದೆವು. ಗಂಡುಮಕ್ಕಳಿಗೆ ಮಾತು ತಡ ಎಂದು ವೈದ್ಯರೊಬ್ಬರೂ ಸಮಾಧಾನ ಹೇಳಿ ಕಳುಹಿಸಿದರು. ಕೊನೆಗೆ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಎರಡೂ ಕಿವಿಗಳಲ್ಲಿ ಹುಟ್ಟಿನಿಂದಲೇ ತೀವ್ರ ಶ್ರವಣದೋಷವಿರುವುದು ತಿಳಿಯಿತು. ನಾನು ಹಾಡಿದ ಒಂದು ಜೋಗುಳವೂ ಅವನನ್ನು ತಲುಪಿರಲಿಲ್ಲ.

ಮಲಗಿದ ಶಿಶುವಿನ ಕಿವಿಯಲ್ಲಿ ಪುಟ್ಟ ಸಾಧನವಿಟ್ಟು ಮಾಡುವ ‘ಒಎಇ’ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವೂ ಇಲ್ಲ. ತೀವ್ರ ನಿಗಾ ಘಟಕದಲ್ಲಿದ್ದ ಅಥವಾ ಕಾಮಾಲೆ ವಿಪರೀತವಾಗಿದ್ದ ಶಿಶುಗಳಿಗೆ ಶ್ರವಣನರವನ್ನು ಪರೀಕ್ಷಿಸುವ ‘ಬೆರಾ’ ಕೂಡ ಬೇಕು. ನರದ ದೋಷ ಒಎಇಯಲ್ಲಿ ಕಾಣದೇ ಹೋಗಬಹುದು. ಒಂದು ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರು ಒಪ್ಪಿದ ಕ್ರಮ. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಆರಂಭವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಹುಟ್ಟುಕಿವುಡೂ ಇದೆ. ಆದರೂ ನಮ್ಮ ಮಗು ಹುಟ್ಟಿದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಈ ಪರೀಕ್ಷೆಯ ಮಾತನ್ನೇ ಯಾರೂ ಎತ್ತಲಿಲ್ಲ.

ಲಸಿಕೆಯ ವಿವರದಂತೆ ಕಿವಿ ಪರೀಕ್ಷೆಯ ಫಲಿತಾಂಶವನ್ನೂ ಬಿಡುಗಡೆ ಪತ್ರದಲ್ಲಿ ಬರೆಯುವುದನ್ನು ರಾಜ್ಯ ಸರ್ಕಾರ ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಕಡ್ಡಾಯಗೊಳಿಸಬೇಕು. ಮುಂಬಯಿಯ ಕನ್ನಡ ಸಂಘಗಳು ತಮ್ಮ ಆರೋಗ್ಯ ಶಿಬಿರಗಳಲ್ಲಿ ಎಳೆಯ ತಾಯಂದಿರಿಗೆ ಇದನ್ನು ಕನ್ನಡದಲ್ಲೇ ತಿಳಿಸಲಿ.

– ಒಬ್ಬ ಅಜ್ಜಿ, ಡೊಂಬಿವಲಿ