ಕೊರ್ಫುವಿನಲ್ಲಿ ಸಿಕ್ಕ ಹಾಳೆಗಳು

ಶಿರಸಿ

ಪ್ರೀತಿಯ ಕೂಸೇ,

ಮೊನ್ನೆ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. "ಬ್ಯಾಗು ಯಾರೋ ಎತ್ತಿಕೊಂಡು ಹೋದರು ಅಪ್ಪಾ, ಲ್ಯಾಪ್‌ಟಾಪೂ ಹೋಯ್ತು, ಪೆನ್‌ಡ್ರೈವೂ ಅದರಲ್ಲೇ ಇತ್ತು" ಅಂದೆ. ಆಮೇಲೆ ಸುಮ್ಮನಾದೆ. ಗೇರುಸೊಪ್ಪೆಯ ಮೆಣಸಿನ ಬಗ್ಗೆ ಎರಡು ವರ್ಷ ಕೂತು ಬರೆದದ್ದು ಒಂದು ರಾತ್ರಿಯ ರೈಲಿನಲ್ಲಿ ಹೋದರೆ ಯಾರಿಗೆ ತಾನೇ ಮಾತು ಬರುತ್ತದೆ? ನನಗೂ ಆಗ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಈ ಪತ್ರ.

ಅಂಗಳದಲ್ಲಿ ಕಾಳುಮೆಣಸು ಹರವಿದ್ದೇವೆ. ಅದನ್ನು ಕಾಯುತ್ತಾ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ದಿನದಿಂದ ನನ್ನ ತಲೆಯಲ್ಲಿ ಒಬ್ಬರೇ ಮನುಷ್ಯ ಓಡಾಡುತ್ತಿದ್ದಾರೆ, ಇಸಾಕ್ ಅಬ್ರಾವನೆಲ್. ತೋರಾಕ್ಕೆ, ಅಂದರೆ ಯೆಹೂದಿಗಳ ಮೂಲಗ್ರಂಥಕ್ಕೆ, ದೊಡ್ಡ ವ್ಯಾಖ್ಯಾನ ಬರೆದ ಪಂಡಿತರು. ಕಳೆದುಕೊಳ್ಳುವುದು ಅಂದರೆ ಏನು ಅಂತ ಅವರಷ್ಟು ಕಂಡವರು ಕಡಿಮೆ.

ಹುಟ್ಟಿದ್ದು 1437ರಲ್ಲಿ, ಲಿಸ್ಬನ್ನಿನಲ್ಲಿ. ಪೋರ್ಚುಗಲ್ಲಿನ ರಾಜ ಐದನೇ ಅಫೊನ್ಸೊನ ಹಣಕಾಸು ನೋಡಿಕೊಳ್ಳುತ್ತಿದ್ದರು. ಶ್ರೀಮಂತರು, ಆಸ್ಥಾನದಲ್ಲಿ ಮರ್ಯಾದೆ ಇತ್ತು. 1471ರಲ್ಲಿ ಅದೇ ರಾಜ ಮೊರಾಕೊದ ಅರ್ಜಿಲಾ ಪಟ್ಟಣ ಗೆದ್ದ. ಅಲ್ಲಿನ 250 ಯೆಹೂದಿಗಳನ್ನು ಹಿಡಿದು ಗುಲಾಮರಾಗಿ ಮಾರಿದರು. ಅಬ್ರಾವನೆಲ್ ಊರೂರು ಸುತ್ತಿ ಹಣ ಕೂಡಿಸಿ ಅವರನ್ನು ಬಿಡಿಸಿಕೊಂಡು ಬಂದರು. ಬಿಡಿಸಿದ ಮೇಲೂ ಕೈ ಬಿಡಲಿಲ್ಲ, ಬಂದವರಿಗೆ ಊಟ, ಬಟ್ಟೆ ಎಲ್ಲ ನೋಡಿಕೊಂಡರು.

1481ರಲ್ಲಿ ಅಫೊನ್ಸೊ ತೀರಿಕೊಂಡ. ಮಗ ಎರಡನೇ ಜೊಆವ್‌ಗೆ ದೊಡ್ಡ ಮನೆತನದವರ ಮೇಲೆಲ್ಲ ಅನುಮಾನ. 1483ರಲ್ಲಿ ಬ್ರಗಾನ್ಸಾದ ಡ್ಯೂಕನ ತಲೆ ತೆಗೆಸಿದ. ಡ್ಯೂಕನ ಸ್ನೇಹಿತರಾಗಿದ್ದ ಅಬ್ರಾವನೆಲ್‌ಗೂ ಕರೆ ಬಂತು. ಹೊರಟಿದ್ದವರಿಗೆ ದಾರಿಯಲ್ಲಿ ಯಾರೋ ಎಚ್ಚರಿಕೆ ಕೊಟ್ಟರು. ಅಲ್ಲಿಂದಲೇ ಗಡಿ ದಾಟಿ ಸ್ಪೇನಿನ ಕಾಸ್ಟೀಲಿಗೆ ಓಡಿದರು. ಮನೆ, ಆಸ್ತಿ, ಪುಸ್ತಕ ಎಲ್ಲ ಹಿಂದೆ ಉಳಿಯಿತು. ಆಗ ಅವರಿಗೆ 46 ವರ್ಷ.

ಓಡಿಹೋದ ಮನುಷ್ಯ ಮೊದಲು ಮಾಡಿದ್ದು ಏನು ಗೊತ್ತಾ? ಬರೆಯಲು ಕೂತರು. ಯೆಹೂದಿಗಳ ಧರ್ಮಗ್ರಂಥದಲ್ಲಿ ತೋರಾದ ನಂತರ ಬರುವ ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ, ಈ ಪುಸ್ತಕಗಳಿಗೆ ಕೆಲವೇ ತಿಂಗಳಲ್ಲಿ ವ್ಯಾಖ್ಯಾನ ಮುಗಿಸಿದರು. ಆಸ್ಥಾನದ ಕೆಲಸದಲ್ಲಿ ಓದು ಬರಹ ಬಿಟ್ಟಿದ್ದಕ್ಕೇ ಈ ಕಷ್ಟ ಬಂತು ಅಂತ ಅವರ ಮನಸ್ಸಿಗೆ ನೋವಿತ್ತು.

ಅವರು ಬರೆಯುವ ರೀತಿಯನ್ನು ನಿನಗೆ ಹೇಳಲೇಬೇಕು. ಅಧ್ಯಾಯ ಶುರುವಾಗುವುದು ಪ್ರಶ್ನೆಗಳಿಂದ. ಈ ಮೂರು ಪುಸ್ತಕಗಳಲ್ಲಿ ಒಂದೊಂದು ಭಾಗಕ್ಕೂ ಆರು ಪ್ರಶ್ನೆ. ಆಮೇಲೆ ತೋರಾಕ್ಕೆ ಬರೆದಾಗ ಆ ಲೆಕ್ಕವನ್ನೂ ಬಿಟ್ಟರು, ಎಷ್ಟು ಸಂಶಯ ಇದೆಯೋ ಅಷ್ಟು ಪ್ರಶ್ನೆ. ಯಾವುದನ್ನೂ ಮುಚ್ಚಿಡುವುದಿಲ್ಲ. ಮೊದಲು ಗಂಟುಗಳನ್ನೆಲ್ಲ ತೋರಿಸಿ, ಆಮೇಲೆ ಒಂದೊಂದಾಗಿ ಬಿಡಿಸುತ್ತಾರೆ. ಕ್ರೈಸ್ತ ಪಂಡಿತರನ್ನೂ ಓದಿದ್ದರು. ಅವರ ಮಾತು ಸರಿ ಅನ್ನಿಸಿದ ಕಡೆ ಹಾಗಂತ ಬಾಯಿ ಬಿಟ್ಟು ಹೇಳಿದ್ದಾರೆ. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಒಂದು ಪ್ರಶ್ನೆ ನೋಡು. ತೋರಾದ ಕೊನೆಯ ಪುಸ್ತಕ ಧರ್ಮೋಪದೇಶಕಾಂಡದಲ್ಲಿ ಜನರು ತಮಗೊಬ್ಬ ರಾಜನನ್ನು ಇಟ್ಟುಕೊಳ್ಳುವ ಮಾತಿದೆ. ಹಾಗಿದ್ದ ಮೇಲೆ, ಜನ ಹೋಗಿ ರಾಜ ಬೇಕು ಅಂದಾಗ ಪ್ರವಾದಿ ಸಮುವೇಲನಿಗೆ ಯಾಕೆ ಬೇಸರ ಆಯಿತು? ದೇವರಿಗೆ ಯಾಕೆ ಸಿಟ್ಟು ಬಂತು? ಹಿಂದಿನವರು ಬೇರೆ ಬೇರೆ ಸಮಾಧಾನ ಹೇಳಿದ್ದರು. ಅಬ್ರಾವನೆಲ್ ಹೇಳಿದ್ದೇ ಬೇರೆ. ಅದು ಆಜ್ಞೆಯೇ ಅಲ್ಲ, ಮನುಷ್ಯರ ದೌರ್ಬಲ್ಯ ಗೊತ್ತಿದ್ದು ಕೊಟ್ಟ ಅನುಮತಿ ಅಷ್ಟೇ. ನೀವು ಹೇಗೂ ಕೇಳುತ್ತೀರಿ, ಕೇಳಿದರೆ ಇಷ್ಟು ಕಟ್ಟುಪಾಡು ಇರಲಿ ಅಂತ. ಅಲ್ಲಿಗೆ ನಿಲ್ಲಲಿಲ್ಲ. ಜನಕ್ಕೆ ರಾಜ ಬೇಕೇ ಬೇಕು ಅಂತ ಏನಿಲ್ಲ, ಹಲವರು ಸೇರಿ ಸ್ವಲ್ಪ ಕಾಲ ಆಳಲಿ, ತಪ್ಪು ಮಾಡಿದರೆ ಮುಂದೆ ಬರುವವರು ವಿಚಾರಿಸಲಿ ಅಂದರು. ರಾಜರಿಲ್ಲದ ಇಟಲಿಯ ವೆನಿಸ್, ಫ್ಲಾರೆನ್ಸ್, ಜಿನೋವಾಗಳನ್ನು ನೋಡಿ ಅಂದರು. ರಾಜರ ಖಜಾನೆ ಕಾದವರು, ರಾಜನ ಕೈಯಿಂದ ತಪ್ಪಿಸಿಕೊಂಡು ಬಂದವರು ಈ ಮಾತು ಬರೆದಿದ್ದಾರೆ. ಅದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೂ ಹೊಟ್ಟೆಪಾಡು, ಸಮುದಾಯದ ಹೊಣೆ ಬಿಡಬೇಕಲ್ಲ. 1484ರಲ್ಲಿ ಸ್ಪೇನಿನ ರಾಜ ಫರ್ಡಿನೆಂಡ್ ಮತ್ತು ರಾಣಿ ಇಸಾಬೆಲ್ಲಾರ ಸೇವೆಗೆ ಸೇರಿದರು. ಸಮುವೇಲದ ನಂತರ ಬರುವ ಅರಸುಗಳ ಪುಸ್ತಕದ ವ್ಯಾಖ್ಯಾನ ಹಿಂದೆ ಬಿತ್ತು. 1492ರ ಮಾರ್ಚ್ 31ರಂದು ಆಜ್ಞೆ ಹೊರಟಿತು: ಮತ ಬದಲಿಸದ ಯೆಹೂದಿಗಳೆಲ್ಲ ಜುಲೈ ಕೊನೆಯೊಳಗೆ ಸ್ಪೇನ್ ಬಿಡಬೇಕು, ಚಿನ್ನ ಬೆಳ್ಳಿ ಒಯ್ಯುವ ಹಾಗಿಲ್ಲ. ತಾನು ಮೂರು ಸಲ ರಾಜನ ಹತ್ತಿರ ಬೇಡಿಕೊಂಡೆ, ಅವನು ಕಿವಿ ಮುಚ್ಚಿಕೊಂಡ ಹಾವಿನ ಹಾಗಿದ್ದ ಅಂತ ಅಬ್ರಾವನೆಲ್ ತಾವೇ ಬರೆದಿದ್ದಾರೆ. ಆಗಲಿಲ್ಲ. 55ನೇ ವಯಸ್ಸಿನಲ್ಲಿ ಮತ್ತೆ ಹೊರಟರು, ಈ ಸಲ ಹಡಗಿನಲ್ಲಿ ಇಟಲಿಯ ನೇಪಲ್ಸಿಗೆ.

ಇಲ್ಲಿ ಒಂದು ಸಂಕಟದ ಸಂಗತಿ ಇದೆ. ಅವರ ಹಿರಿಯ ಮಗ ಯೆಹೂದಾ, ವೈದ್ಯ, ದೊಡ್ಡ ಲೇಖಕ. ಯೆಹೂದಾನ ಮಗುವಿಗೆ ಆಗ ಒಂದು ವರ್ಷ. ಮಗುವನ್ನು ಕದ್ದು ಮತಾಂತರ ಮಾಡುವ ಹುನ್ನಾರ ನಡೆದಿದೆ ಅಂತ ತಿಳಿದು ದಾದಿಯ ಜೊತೆ ಗುಟ್ಟಾಗಿ ಪೋರ್ಚುಗಲ್ಲಿಗೆ ಕಳಿಸಿದರು. ಅಲ್ಲಿ ಜೊಆವ್ ಮಗುವನ್ನು ಹಿಡಿದಿಟ್ಟುಕೊಂಡ. ಆಮೇಲೆ ಬಲವಂತವಾಗಿ ಮತಾಂತರ ಮಾಡಿದರು. 1503ರಲ್ಲಿ, ಹುಡುಗನಿಗೆ ಹನ್ನೆರಡು ಆದಾಗ, ಯೆಹೂದಾ ಅವನಿಗೆ ಹೀಬ್ರೂವಿನಲ್ಲಿ ಒಂದು ಉದ್ದನೆಯ ಪದ್ಯ ಬರೆದ. ನಿನಗೆ ಇಟ್ಟಿರುವುದು ನಿನ್ನಜ್ಜನ ಹೆಸರು, ನೀನು ಯಾರ ಮಗ ಅಂತ ಮರೆಯಬೇಡ, ನಮ್ಮ ಓದು ಓದು ಅಂತ ಕೇಳಿಕೊಂಡ. ಅದೂ ಒಬ್ಬ ಅಪ್ಪನ ಪತ್ರವೇ ಅಲ್ವಾ? ನಿನಗೆ ಬೇಕಾದಾಗ ಫೋನ್ ಮಾಡಿ ಮಾತಾಡಿಸುವ ನನಗೆ ಆ ಸಾಲುಗಳನ್ನು ಸಲೀಸಾಗಿ ಓದಲು ಆಗುವುದಿಲ್ಲ.

ನೇಪಲ್ಸಿನಲ್ಲಿ 1493ರಲ್ಲಿ ಅರಸುಗಳ ವ್ಯಾಖ್ಯಾನ ಮುಗಿಯಿತು. ಎರಡು ವರ್ಷ ಕಳೆಯುವುದರೊಳಗೆ ಫ್ರೆಂಚ್ ಸೈನ್ಯ ನುಗ್ಗಿ ಅವರ ಮನೆ ದೋಚಿತು. ಪುಸ್ತಕಗಳ ಸಂಗ್ರಹ ಹಾಳಾಯಿತು. ನೇಪಲ್ಸಿನ ರಾಜನ ಜೊತೆ ಮೆಸ್ಸಿನಾಕ್ಕೆ ಹೋದರು, ಅಲ್ಲಿಂದ ಕೊರ್ಫು ದ್ವೀಪಕ್ಕೆ. ಧರ್ಮೋಪದೇಶಕಾಂಡದ ವ್ಯಾಖ್ಯಾನವನ್ನು ಅವರು ಲಿಸ್ಬನ್ನಿನಲ್ಲಿ ಪ್ರಾಯದಲ್ಲೇ ಶುರು ಮಾಡಿದ್ದರು. ಓಡಾಟದಲ್ಲಿ ಅದು ಕೈ ತಪ್ಪಿತ್ತು. ಕೊರ್ಫುವಿನಲ್ಲಿ ಅದರ ಪ್ರತಿ ಅವರಿಗೆ ಮತ್ತೆ ಸಿಕ್ಕಿತು. ಯೋಚಿಸು ಕೂಸೇ, ಊರಿಲ್ಲ, ಮನೆಯಿಲ್ಲ, ಮೊಮ್ಮಗ ಶತ್ರುವಿನ ಕೈಯಲ್ಲಿ, ಹತ್ತಿರ ಹತ್ತಿರ ಅರವತ್ತು ವಯಸ್ಸು, ಮುಂದೆ ತಮ್ಮದೇ ಹಳೆಯ ಹಾಳೆಗಳು. ಅವನ್ನು ಹಿಡಿದುಕೊಂಡು ಇಟಲಿಯ ಮೊನೊಪೊಲಿ ಅನ್ನುವ ಸಣ್ಣ ಬಂದರಿಗೆ ಹೋಗಿ, 1496ರಲ್ಲಿ ಮುಗಿಸಿದರು. ಯೆಹೂದಿಗಳು ಪಸ್ಕ ಹಬ್ಬದಲ್ಲಿ ಓದುವ ಹಗ್ಗಾದಾ ಪುಸ್ತಕಕ್ಕೆ ಬರೆದ ವ್ಯಾಖ್ಯಾನವೂ ಅಲ್ಲಿಯದೇ.

ಕೊನೆಗೆ 1503ರಲ್ಲಿ ವೆನಿಸ್. ನೀನು ಬರೆಯುತ್ತಿದ್ದ ಗೇರುಸೊಪ್ಪೆಯ ಮೆಣಸಿನ ಎಳೆ ಸಿಗುವುದು ಇಲ್ಲೇ. ಪೋರ್ಚುಗೀಸರು ಆಫ್ರಿಕಾ ಸುತ್ತಿ ಬಂದು ನಮ್ಮ ಪಶ್ಚಿಮ ಕರಾವಳಿಯ ಮೆಣಸು ಒಯ್ಯತೊಡಗಿದ್ದರು. ವೆನಿಸ್ಸಿನ ಸಾಂಬಾರ ಪದಾರ್ಥದ ವ್ಯಾಪಾರಕ್ಕೆ ಹೊಡೆತ ಬಿದ್ದಿತ್ತು. ಎರಡೂ ಕಡೆಯವರ ನಡುವೆ ಒಪ್ಪಂದ ಮಾಡಿಸಲು ಅಬ್ರಾವನೆಲ್ ಮುಂದೆ ಬಂದರು. ಅದು ಕೈಗೂಡಲಿಲ್ಲ. ಕೊನೆಯ ವರ್ಷಗಳಲ್ಲಿ ತೋರಾದ ಉಳಿದ ನಾಲ್ಕು ಪುಸ್ತಕಗಳ ವ್ಯಾಖ್ಯಾನ ಪೂರೈಸಿ, 1508ರಲ್ಲಿ ತೀರಿಕೊಂಡರು. ಪಡುವಾದಲ್ಲಿ ಮಣ್ಣು ಮಾಡಿದರು. ಮರುವರ್ಷದ ಯುದ್ಧದಲ್ಲಿ ಆ ಸ್ಮಶಾನವೂ ಹಾಳಾಯಿತು. ಅವರ ಪ್ರಶ್ನೆಗಳನ್ನು ಮಾತ್ರ ಇವತ್ತಿಗೂ ಓದುತ್ತಾರೆ.

ನೀನು ಈಗಲೇ ಅಧ್ಯಾಯ ಬರೆಯಲು ಕೂರಬೇಡ. ಒಂದು ನೋಟ್‌ಬುಕ್ ತಗೊಂಡು ನಿನ್ನ ಪ್ರಶ್ನೆಗಳನ್ನಷ್ಟೇ ಬರಿ. ಎರಡು ವರ್ಷದಲ್ಲಿ ನಿನಗೆ ಎದ್ದ ಪ್ರಶ್ನೆಗಳು ಆ ಬ್ಯಾಗಿನಲ್ಲಿ ಇರಲಿಲ್ಲ.

ಮತ್ತೆ ಇನ್ನೊಂದು ವಿಷಯ. ದೀಪಾವಳಿಗೆ ಬಂದಾಗ ಓದೋಕೆ ಅಂತ ನನಗೊಂದು ಕಟ್ಟು ಕೊಟ್ಟಿದ್ದೆಯಲ್ಲ? ನಿನ್ನೆ ಆಯಿ ಅಟ್ಟದ ಮೇಲೆ ಹುಡುಕಿ ತೆಗೆದಳು. 41 ಹಾಳೆ ಇವೆ, ಮೊದಲ ಅಧ್ಯಾಯ ಪೂರ್ತಿ, ಎರಡನೆಯದು ಅರ್ಧ. ಅಂಚಿನಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ, ನಿನಗೆ ಬೇಡವಾದರೆ ಅಳಿಸಿಕೋ. ನಾಳೆ ಅರ್ಧ ಕೆಜಿ ಮೆಣಸಿನ ಜೊತೆ ಪಾರ್ಸೆಲ್ ಮಾಡುತ್ತೇನೆ. ಹನ್ನೊಂದನೇ ಪುಟಕ್ಕೆ ಆಯಿಯ ಕೈಯ ಅರಿಶಿನ ಹತ್ತಿದೆ. ಅಕ್ಷರ ಚೆನ್ನಾಗಿ ಕಾಣುತ್ತದೆ.

ನಿನ್ನ
ಅಪ್ಪ