ಟಿವಿ ಎಸೆಯುವ ಮುಂಚೆ ಟಾರ್ಚ್ ಬಿಟ್ಟು ನೋಡಿ

ಸಂಪಾದಕರೇ,

ಹಾಸನದ ಕೆಲವು ರಿಪೇರಿ ಅಂಗಡಿಗಳಿಗೆ ಹಳೇ ಎಲ್‌ಇಡಿ ಟಿವಿ ಒಯ್ದರೆ, ಬಿಚ್ಚಿ ನೋಡುವ ಮೊದಲೇ ‘ಪ್ಯಾನೆಲ್ (ಚಿತ್ರ ಮೂಡಿಸುವ ಪರದೆ) ಹೋಗಿದೆ, ಸುಮ್ನೆ ಹೊಸದು ತಗೊಳ್ಳಿ’ ಎನ್ನುತ್ತಾರೆ. ಇದು ಸರಿಯಲ್ಲ. ಧ್ವನಿ ಬಂದೂ ಪರದೆ ಕಪ್ಪಾಗಿದ್ದರೆ, ಕೋಣೆ ಕತ್ತಲು ಮಾಡಿ ಪರದೆ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಪಟ್ಟಿಯೋ ಅದಕ್ಕೆ ಕರೆಂಟ್ ಕೊಡುವ ಬೋರ್ಡೋ ಕೆಟ್ಟಿದೆ ಎಂದರ್ಥ. ಅದನ್ನು ಬದಲಾಯಿಸಲು ಪ್ಯಾನೆಲ್‌ಗಿಂತ ಖರ್ಚು ಕಮ್ಮಿ. ಗೆರೆಗಳು ಬಂದರೆ ಟಿವಿಯದೇ ಮೆನು ತೆರೆಯಿರಿ. ಅದರ ಮೇಲೆ ಗೆರೆ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಸೆಟ್‌ಟಾಪ್ ಬಾಕ್ಸ್ ಅಥವಾ ಕೇಬಲಿನದು. ಹಿಂಬದಿ ಮುಚ್ಚಳ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಅಂಗಡಿಯವರು ಈ ಟಾರ್ಚ್ ಪರೀಕ್ಷೆಯನ್ನು ಗಿರಾಕಿ ಎದುರೇ ಮಾಡಿ ತೋರಿಸಲಿ.

– ಒಬ್ಬ ಓದುಗ, ಹಾಸನ