ಭಾನುವಾರ ತೋಡಿಗೆ ಬನ್ನಿ, ಕಲ್ಲು ಮಗುಚಿ ನೋಡೋಣ
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 7 ಗಂಟೆಗೆ ನಮ್ಮ ತೋಡಿನ ಕಟ್ಟದ ಬಳಿ ಸೇರೋಣ. ಜಲಪರಿಸರ ಅಧ್ಯಯನ ಮಾಡುವ ಮೇಡಂ ಮತ್ತೆ ಬರುತ್ತಾರೆ. ಪಯಸ್ವಿನಿ ಹೊಳೆಗೆ ಸೇರುವ ನೀರಿದು. ಅದರ ಆರೋಗ್ಯವನ್ನು ನಾವೇ ಕಣ್ಣಾರೆ ನೋಡಬೇಕು.

ಕಳೆದ ಸಲ ಅವರು ಒಂದು ಕಲ್ಲನ್ನು ಮೆಲ್ಲನೆ ಮಗುಚಿದರು. ಅಡಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮೇಫ್ಲೈ (ನೀರಿನಲ್ಲಿ ಬೆಳೆದು ಆಮೇಲೆ ಹಾರುವ ಕೀಟ) ಮರಿ, ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಬದಿಯಲ್ಲಿ ಬಡಿಯುವ ಕಿವಿರುಗಳು! ಪಕ್ಕದಲ್ಲಿ ಮರಳಿನ ಹರಳುಗಳನ್ನು ತನ್ನದೇ ನೂಲಿನಿಂದ ಅಂಟಿಸಿ ಗೂಡು ಮಾಡಿಕೊಂಡ ಕ್ಯಾಡಿಸ್ ಹುಳು. ನೀರಿನಲ್ಲಿ ಆಮ್ಲಜನಕ ಕುಗ್ಗಿದರೆ ಮೊದಲು ಮಾಯವಾಗುವುದು ಇಂಥವೇ. ಕೆಸರಿನ ಕೆಂಪು ಹುಳುಗಳು ಮಾತ್ರ ಉಳಿಯುತ್ತವೆ. ಬಾಟಲಿಯಲ್ಲಿ ಹಿಡಿದ ನೀರು ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ಈ ಹುಳುಗಳು ತಿಂಗಳುಗಳ ಕಥೆ ಹೇಳುತ್ತವೆ.

ಅಡಿಕೆಗೆ ಮದ್ದು ಬಿಡುವವರಲ್ಲಿ ಕೈಮುಗಿದು ಕೇಳುತ್ತೇನೆ: ಬೋರ್ಡೋ (ಮೈಲುತುತ್ತು, ಸುಣ್ಣ ಸೇರಿಸಿದ ದ್ರಾವಣ) ಕಲಸಿದ ಡ್ರಮ್ಮನ್ನು ತೋಡಿನಲ್ಲಿ ತೊಳೆಯಬೇಡಿ. ಮೈಲುತುತ್ತು ಮೀನಿಗೂ ಹುಳುವಿಗೂ ವಿಷ. ಎಂಡೋಸಲ್ಫಾನ್ ಕೀಟನಾಶಕದ ಹಾನಿ ಕಂಡ ಜಿಲ್ಲೆಯವರು ನಾವು, ಹೆಚ್ಚು ವಿವರಿಸಬೇಕಿಲ್ಲ.

ಮಕ್ಕಳನ್ನು ಕರೆತನ್ನಿ. ಬಿಳಿ ತಟ್ಟೆ, ಚಹಾ ಸೋಸುವ ಹಳೆಯ ಜಾಲರಿ ಇರಲಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು.